ಸಂತ್ಯಾಗ ಎಚ್‌ಎಂಟಿ ವಾಚ್ ತಗೊಳ್ಳೋ ಮುಂಚೆ

ಕೊಪ್ಪಳ ಸಂತ್ಯಾಗ 500 ರೂಪಾಯಿಗೆ ಎಚ್‌ಎಂಟಿ ಜನತಾ ಕೊಡ್ತೀನಂದ್ರು, ತಗೊಂಡು ಮಾರಿದ್ರ ಲಾಭ ಆಗ್ತದೇನು ಅಂತ ಕೇಳೀರಿ. ಡಯಲ್ ಹೊಸದರಂಗ ಫಳಫಳ ಹೊಳಿತಿದ್ರ ಬ್ಯಾಡ್ರೀ, ಅದು ಮತ್ತ ಪೇಂಟ್ ಮಾಡಿದ್ದು, ಸಂಗ್ರಹ ಮಾಡೋರು ಅದನ್ನ ಮುಟ್ಟಂಗಿಲ್ಲ. ಅಂಚಿನ್ಯಾಗ ಸ್ವಲ್ಪ ಹಳದಿ ತಿರುಗಿದ್ದು, ಅಕ್ಷರ ಸಣ್ಣಗ ಚೂಪಾಗಿರೋದು, ಅಂಥಾದ್ದು ಹುಡುಕ್ರಿ. ಕೀ ಕೊಟ್ಟು ಕಿವಿ ಹತ್ರ ಇಟ್ಕೊಂಡು ಟಿಕ್ ಟಿಕ್ ಒಂದೇ ಸಮ ಬರ್ತದೇನು ಕೇಳ್ರಿ, ಆಮ್ಯಾಲೆ ಹಿಂದಿನ ಮುಚ್ಚಳ ತೆಗಿಸ್ರಿ, ಒಳಗ ಮಷೀನ್ ಮ್ಯಾಲೆ ಎಚ್‌ಎಂಟಿ ಅಂತ ಕೆತ್ತಿರಬೇಕು, ತೆಗಿಯಂಗಿಲ್ಲ ಅಂದ್ರ ಎದ್ದು ಬರ್ರಿ. 1961ರಾಗ ಸಿಟಿಜನ್ ಕಂಪನಿ ಸಹಾಯದಿಂದ ಬೆಂಗಳೂರಾಗ ಶುರುವಾದ ವಾಚು, ನಮ್ಮ ಅಜ್ಜಂದಿರ ಕೈಯಾಗ ಇದ್ದಿದ್ದು, ಅದಕ್ಕ ಒರಿಜಿನಲ್ ಉಳಿದಿದ್ದಕ್ಕ ಬೆಲಿ. ಸರ್ವಿಸ್ ಖರ್ಚು ಮೊದ್ಲೇ ಲೆಕ್ಕ ಹಿಡೀರಿ.

ಅದೇ ಸಂತ್ಯಾಗ ಹಳೇ ಹಿತ್ತಾಳಿ ತಂಬಿಗಿ, ದೀಪ ಕಂಡ್ರ ಒಂದು ಸಣ್ಣ ಮ್ಯಾಗ್ನೆಟ್ ಕಿಸೆದಾಗ ಇರ್ಲಿ, ಅಂಟಿದ್ರ ಒಳಗ ಕಬ್ಬಿಣ. ಹುಣಸಿಹಣ್ಣು ಹಚ್ಚಿ ತಿಕ್ಕಿಬಿಡಬ್ಯಾಡ್ರಿ, ಆ ಹಳೇ ಕಪ್ಪೇ ಅದರ ವಯಸ್ಸು ಹೇಳೋದು, ನಾನು ಒಂದು ಚಂದದ ದೀಪ ಹಂಗೇ ಹಾಳು ಮಾಡ್ಕೊಂಡೀನಿ, ಇನ್ನೂ ಹೊಟ್ಟಿ ಉರೀತದ.

ಕೊಪ್ಪಳ, ರಾಯಚೂರು 1948ರ ತನಕ ನಿಜಾಮರ ಕಡೆ ಇದ್ದವಲ್ಲ, ಚಾರ್ಮಿನಾರ್ ಇರೋ ನಾಣ್ಯಾನೂ ಸಿಗ್ತಾವ. ಆದ್ರ 100 ವರ್ಷ ದಾಟಿದ ನಾಣ್ಯ, ಮೂರ್ತಿ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು, ಲೈಸೆನ್ಸ್ ಇಲ್ದ ವ್ಯಾಪಾರ ಮಾಡಂಗಿಲ್ಲ. ಹಂಪಿ ಹತ್ರದ ಆನೆಗೊಂದಿ ಕಡಿಂದ ಬಂದ ಕಲ್ಲಿನ ಮೂರ್ತಿ ಅಂತ ಯಾರರ ತಂದ್ರ ಕೈನೂ ಹಚ್ಚಬ್ಯಾಡ್ರಿ.

ವಾಚಿನ ಡಯಲ್ ಫೋಟೋ ಹಾಕ್ರಿ, ನೋಡಿ ಹೇಳ್ತೀನಿ.