2,500 ಡಾಲರಿನ ಟ್ರೇಲರ್: ಚೆಕ್‌ಬುಕ್ಕಿಗೆ ಮೊದಲು ದಬ್ಬಳ ತೆಗೆಯಿರಿ

ಏಪ್ರಿಲ್ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರು ನನಗೆ ಕೇಳುವುದು ಒಂದೇ. ಯಾರದೋ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಲಾ? ಇವುಗಳ ರಿಪೇರಿಯೇ ನನ್ನ ಹೊಟ್ಟೆಪಾಡು. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ.

ಪ್ರಶ್ನೆ: ನಾವು ಮಿಷಿಗನ್‌ನಲ್ಲಿದ್ದೇವೆ. ಪಕ್ಕದ ಬೀದಿಯವರ 2008ರ 24 ಅಡಿ ಟ್ರೇಲರ್ ಆರು ವರ್ಷದಿಂದ ಹೊರಗೇ ನಿಂತಿದೆ. 2,500 ಡಾಲರ್ ಹೇಳುತ್ತಿದ್ದಾರೆ. ಹಾಸಿಗೆಯ ಮೇಲೆ ಚಾವಣಿಯ ಮೂಲೆಯಲ್ಲಿ ಅಂಗೈಯಷ್ಟು ಕಂದು ಕಲೆ ಇದೆ, ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಪೇಂಟ್ ಹೊಡೆದರೆ ಸಾಕಲ್ವಾ?

ಸಾಲದು. ಮಿಕ್ಕಿದ್ದೆಲ್ಲ ಚೆನ್ನಾಗಿದೆ ಅಂತ ನಿಮಗೆ ಹೇಳಿದವರು ಯಾರು, ಮಾರುವವರೇ ತಾನೆ?

ಇಂಥ ಟ್ರೇಲರಿನ ಗೋಡೆಯೊಳಗೆ ಇರುವುದು ತೆಳ್ಳನೆ ಮರದ ರೀಪು. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಕಾಗದ ಅಂಟಿಸಿದ ಪ್ಲೈವುಡ್, ನಡುವೆ ಹತ್ತಿಯಂಥ ಫೈಬರ್‌ಗ್ಲಾಸ್. ಕಿಟಕಿ, ಮೂಲೆಪಟ್ಟಿ, ಮೇಲಿನ ಪುಟ್ಟ ದೀಪ, ಎಲ್ಲದರ ಸಂದಿಗೂ ಮೆತ್ತನೆಯ ಅಂಟುಪಟ್ಟಿ ಇಟ್ಟಿರುತ್ತಾರೆ. ಅದು ಕಾಲ ಕಳೆದಂತೆ ಒಣಗಿ ಬಿರಿಯುತ್ತದೆ. ಒಳಗಿಳಿದ ನೀರು ಕಲೆ ಕಂಡ ಜಾಗದಲ್ಲೇ ನಿಲ್ಲುವುದಿಲ್ಲ. ಗೋಡೆಯೊಳಗೇ ಜಾರಿ ನೆಲದಂಚಿನ ಮರಕ್ಕೆ ಹೋಗಿ ಸೇರುತ್ತದೆ. ಮೇಲೆ ಅಂಗೈಯಗಲದ ಕಲೆ, ಕೆಳಗೆ ಮಾರುದ್ದ ಕೊಳೆತ ಮರ. ನಾನು ಇದನ್ನು ನೋಡಿದ್ದು ಒಂದೆರಡು ಸಲ ಅಲ್ಲ.

ಹೋಗುವಾಗ ಟಾರ್ಚು, ದಬ್ಬಳ, ತೇವ ಅಳೆಯುವ ಮುಳ್ಳಿನ ಮೀಟರ್ ಒಯ್ಯಿರಿ. ಹಾಸಿಗೆಯ ಹಲಗೆ ಎತ್ತಿ, ಕೆಳಗಿನ ಮೂಲೆಗೆ ತಲೆ ತೂರಿಸಿ. ಮರಕ್ಕೆ ದಬ್ಬಳ ಒತ್ತಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಸುಮ್ನೆ ಒಳಗೆ ಬಿಟ್ಟುಕೊಳ್ಳುತ್ತದೆ. ಮೀಟರ್ 15 ಶೇಕಡಾ ಒಳಗೆ ತೋರಿಸಿದರೆ ನೆಮ್ಮದಿ. 20 ದಾಟಿದರೆ ಮರ ಕೊಳೆಯುವ ದಾರಿಯಲ್ಲಿದೆ. ಇಷ್ಟನ್ನೂ ಎಲ್ಲ ಮೂಲೆಯಲ್ಲೂ, ಕಿಟಕಿಗಳ ಕೆಳಗೂ, ಮೇಲಿನ ಕಪಾಟುಗಳ ಒಳಗೂ ಮಾಡಿ. ಬಾಗಿಲ ಹತ್ತಿರ, ಟಾಯ್ಲೆಟ್ ಸುತ್ತ ಹಿಮ್ಮಡಿ ಊರಿ ನಿಂತು, ನೆಲ ಮೆತ್ತಗೆ ಕುಸಿಯುತ್ತದಾ ನೋಡಿ. ಆಮೇಲೆ ಹೊರಗೆ ಬಂದು ಮೂಲೆಪಟ್ಟಿಯ ಮೇಲಿನ ವಿನೈಲ್ ಪಟ್ಟಿಯನ್ನು ಒಂದಡಿ ಎಳೆಯಿರಿ. ಅದರಡಿಯ ಸ್ಕ್ರೂಗಳು ತುಕ್ಕು ಹಿಡಿದಿದ್ದರೆ ನೀರು ಅಲ್ಲಿಂದ ಬಹಳ ದಿನದಿಂದ ಹೋಗುತ್ತಿದೆ. ಮಾರುವವರು ಇದನ್ನು ಮುಟ್ಟಬೇಡಿ ಅಂದರೆ ನಮಸ್ಕಾರ ಹೇಳಿ ಮನೆಗೆ ಬನ್ನಿ.

ಹೊರಗೋಡೆ ತಗಡಲ್ಲದೆ ನುಣ್ಣನೆ ಫೈಬರ್‌ಗ್ಲಾಸ್ ಆಗಿದ್ದರೆ ಸಂಜೆ ಬಿಸಿಲಿನಲ್ಲಿ ಓರೆಯಾಗಿ ನೋಡಿ. ಹಪ್ಪಳದ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ಪದರ ಬಿಟ್ಟಿದೆ. ಅದನ್ನು ಸರಿಮಾಡುವ ಖರ್ಚಿನಲ್ಲಿ ಇನ್ನೊಂದು ಹಳೆ ಟ್ರೇಲರ್ ಬರುತ್ತದೆ.

ನಾನೂ ಈ ಕೆಲಸಕ್ಕೆ ಹೊಸಬನಾಗಿದ್ದಾಗ 1,800 ಡಾಲರ್ ಕೊಟ್ಟು ಒಂದನ್ನು ತಂದಿದ್ದೆ. ಒಳಗೆಲ್ಲ ಹೊಸ ಪೇಂಟು, ನಿಂಬೆಹಣ್ಣಿನ ಪರಿಮಳ. ಹಿಂದಿನ ಗೋಡೆ ಬಿಚ್ಚಿದರೆ ರೀಪು ಕಾಫಿಗೆ ಅದ್ದಿದ ರಸ್ಕಿನಂತೆ ಬೆರಳಿಗೇ ಬಂತು. ಒಂದು ಬೇಸಿಗೆ ಪೂರ್ತಿ ಹೋಯಿತು. ಕೊನೆಗೆ ಗುಜರಿಯವರೂ ಬೇಡ ಅಂದರು. ದುಡ್ಡು ಕೊಟ್ಟು ಎಸೆದು ಬಂದೆ. ಅವತ್ತಿನಿಂದ ಹೊಸ ಪೇಂಟಿನ ಹಳೆ ಟ್ರೇಲರ್ ಕಂಡರೆ ನನಗೆ ಆಗುವುದಿಲ್ಲ.

ಎಲ್ಲ ಮೂಲೆಯೂ ಒಣಗಿದೆಯಾ? ಆಗ ಫ್ರಿಜ್ಜು ಕೆಟ್ಟಿರಲಿ, ಮೆತ್ತೆಗೆ ಇಲಿ ಕಚ್ಚಿರಲಿ, ಚೌಕಾಸಿ ಮಾಡಿ ತಗೊಳ್ಳಿ. ಟೈರಿಗೆ ಮಾತ್ರ ಮೊದಲೇ ದುಡ್ಡು ಎತ್ತಿಡಿ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಗೆ 2316 ಅಂತಿದ್ದರೆ ಅದು 2016ರ 23ನೇ ವಾರದ್ದು. ಮೇಲಿನ ಗೀರುಗಳು ಎಷ್ಟೇ ಆಳವಾಗಿ ಕಾಣಲಿ, ಆರು ವರ್ಷ ದಾಟಿದ ಟ್ರೇಲರ್ ಟೈರನ್ನು ನಾನು ಹೆದ್ದಾರಿಗೆ ಇಳಿಸುವುದಿಲ್ಲ. ನಿಮ್ಮ ಕಡೆ ಇನ್ನೊಂದು ತೊಂದರೆ ಇದೆ. ಚಳಿಗಾಲಕ್ಕೆ ಮೊದಲು ನೀರು ಖಾಲಿ ಮಾಡಿರದಿದ್ದರೆ ಪೈಪುಗಳು ಹೆಪ್ಪುಗಟ್ಟಿ ಒಡೆದಿರುತ್ತವೆ. ನೀರು ಬಿಟ್ಟು ತೋರಿಸಿ ಅನ್ನಿ.

ನಿಮ್ಮದಕ್ಕೆ ನನ್ನ ಮಾತು: ಕಲೆ ಕಣ್ಣಿಗೆ ಕಾಣುವಷ್ಟು ಆಗಿದೆ, ಆರು ಚಳಿಗಾಲ ಹೊರಗೆ ಕಳೆದಿದೆ. ಪುಕ್ಕಟೆ ಕೊಟ್ಟರೂ ನಾನಾಗಿದ್ದರೆ ದಬ್ಬಳ ಚುಚ್ಚದೆ ಮನೆಗೆ ತರುತ್ತಿರಲಿಲ್ಲ.

ಪ್ರಶ್ನೆ: ರೂಫಿನ ಸಂದಿಗೆ ಸಿಲಿಕೋನ್ ಬಳಿದರೆ ಸೋರುವುದು ನಿಲ್ಲುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ.

ಆ ವಿಡಿಯೋದವರ ಪುಣ್ಯದಿಂದಲೇ ನನಗೆ ಅರ್ಧ ಕೆಲಸ. ಸಿಲಿಕೋನ್ ಮೇಲೆ ಮುಂದೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಟ್ರೇಲರ್ ರೂಫಿಗೆಂದೇ ಸೀಲೆಂಟ್ ಸಿಗುತ್ತದೆ. ಅದೂ ಮರ ಒಣಗಿದ ಮೇಲೆ.

ಪ್ರಶ್ನೆ: ಫ್ರಿಜ್ಜಿನಲ್ಲಿ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ. ಗ್ಯಾಸ್ ತುಂಬಿಸಬಹುದಾ?

ಇಲ್ಲ. ಅದರ ಕೂಲಿಂಗ್ ಯೂನಿಟ್ ತೂತಾಗಿದೆ. ಕಿಟಕಿ ತೆರೆದು ಹೊರಗೆ ಬನ್ನಿ.

ಪ್ರಶ್ನೆ: ಟ್ರೇಲರಿನ ಟೈಟಲ್, ಅಂದರೆ ಮಾಲೀಕತ್ವದ ಕಾಗದ ಕಳೆದಿದೆಯಂತೆ, ಆಮೇಲೆ ಕೊಡುತ್ತಾರಂತೆ.

ನೀವೂ ದುಡ್ಡು ಆಮೇಲೆ ಕೊಡಿ.

ಪ್ರಶ್ನೆ: ಫೋಟೋ ಕಳಿಸಿದರೆ ನೋಡಿ ಹೇಳುತ್ತೀರಾ?

ಇಲ್ಲ. ಮುಗ್ಗಲು ವಾಸನೆ ಫೋಟೋದಲ್ಲಿ ಬರುವುದಿಲ್ಲ.

ಪ್ರಶ್ನೆ: ನಮ್ಮ ಹೋಂಡಾ ಒಡಿಸ್ಸಿ 24 ಅಡಿಯದನ್ನು ಎಳೆಯುತ್ತದಾ? ಜಾಹೀರಾತಿನಲ್ಲಿ ತೂಕ ಕಡಿಮೆಯೇ ಇದೆ.

ಅದು ಖಾಲಿ ತೂಕ. ಟ್ರೇಲರಿನ ಮೇಲೆ ಅಂಟಿಸಿದ ಚೀಟಿಯಲ್ಲಿ ತುಂಬಿದ ತೂಕದ ಮಿತಿ ಇರುತ್ತದೆ, ಅದನ್ನು ಓದಿ. 40 ಗ್ಯಾಲನ್ ನೀರೇ 330 ಪೌಂಡ್ ಆಯಿತು. ನಿಮ್ಮ ವ್ಯಾನಿನ ಮಿತಿ ಹೆಚ್ಚೆಂದರೆ 3,500 ಪೌಂಡ್. ಅದರ ಮೇಲೆ ಮಕ್ಕಳು, ಅತ್ತೆ-ಮಾವ, ಕುಕ್ಕರು, ಸೋನಾ ಮಸೂರಿ ಚೀಲ. ಎಳೆಯುವುದಿಲ್ಲ, ಬಿಡಿ.