ಮುನ್ನೋಟಕ್ಕೆ ಶೇಕಡಾ ಲೆಕ್ಕ ಏಕೆ? – ಸಂಪಾದಕರ ಉತ್ತರ

ಮಾನ್ಯರೇ,

ಗುದ್ದು, ಒದೆತ, ಕುಸ್ತಿ ಎಲ್ಲವೂ ಸೇರಿದ ಮಿಶ್ರ ಸಮರಕಲೆಯ (ಎಂಎಂಎ) ಮುಂಬರುವ ಕಾದಾಟಗಳ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಪ್ರಕಟವಾಗುವ ಮುನ್ನೋಟ ಅಂಕಣವನ್ನು ಕುರಿತು ನೀವು ಬರೆದ ಪತ್ರವನ್ನು ನಾನೂ ಅಂಕಣದ ಬರಹಗಾರರೂ ಗಮನವಿಟ್ಟು ಓದಿದೆವು. ‘ಇಂಥವರೇ ಗೆಲ್ಲುತ್ತಾರೆ’ ಎಂದು ನೇರವಾಗಿ ಹೇಳದೆ ‘ಇವರಿಗೆ ಶೇ 65, ಅವರಿಗೆ ಶೇ 35’ ಎಂದು ಬರೆಯುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎಂಬುದು ನಿಮ್ಮ ಮೊದಲ ಆಕ್ಷೇಪ. ಒಬ್ಬರು ಇನ್ನೊಬ್ಬರನ್ನು ಸೋಲಿಸಿ, ಆ ಇನ್ನೊಬ್ಬರು ಮೂರನೆಯವರನ್ನು ಸೋಲಿಸಿದ್ದರೆ ಮೊದಲನೆಯವರೇ ಎಲ್ಲರಿಗಿಂತ ಮೇಲು ಎಂಬ ಸರಳ ತರ್ಕವನ್ನು ನಾವು ಬಳಸುತ್ತಿಲ್ಲ ಎಂಬುದು ಎರಡನೆಯದು. ಕಾದಾಟ ಘೋಷಣೆಯಾದ ಕೂಡಲೇ ಮುನ್ನೋಟ ಪ್ರಕಟಿಸದೆ ಕೊನೆಯ ವಾರದವರೆಗೆ ಕಾಯುವುದು ಧೈರ್ಯದ ಕೊರತೆ ಎಂಬುದು ಮೂರನೆಯದು. ಇಷ್ಟೆಲ್ಲ ಶ್ರಮಪಡುವ ಬದಲು ಬಾಜಿ ಸಂಸ್ಥೆಗಳ ದರಗಳನ್ನೇ ಅಚ್ಚು ಹಾಕಿದರೆ ಸಾಲದೇ ಎಂದೂ ಕೊನೆಯಲ್ಲಿ ಕೇಳಿದ್ದೀರಿ.

ಮೊದಲ ಆಕ್ಷೇಪವೇ ಮುಖ್ಯವಾದುದರಿಂದ ಅದನ್ನು ವಿವರವಾಗಿ ಎತ್ತಿಕೊಳ್ಳುತ್ತೇನೆ. 2022ರ ಆಗಸ್ಟ್ 20ರಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ, ಈ ಕ್ರೀಡೆಯ ಪ್ರಮುಖ ಸಂಸ್ಥೆಯಾದ ಯುಎಫ್‌ಸಿ ನಡೆಸಿದ ‘ಯುಎಫ್‌ಸಿ 278’ ಕೂಟದಲ್ಲಿ, ವೆಲ್ಟರ್‌ವೇಟ್ ಎಂಬ ತೂಕದ ವರ್ಗದ ಚಾಂಪಿಯನ್ ಕಮಾರು ಉಸ್ಮಾನ್ ಅವರನ್ನು ಲಿಯಾನ್ ಎಡ್ವರ್ಡ್ಸ್ ಎದುರಿಸಿದರು. ಮೊದಲ ಸುತ್ತು ಎಡ್ವರ್ಡ್ಸ್ ಅವರದಾಯಿತಾದರೂ ಮುಂದಿನ ಮೂರು ಸುತ್ತುಗಳಲ್ಲಿ ಉಸ್ಮಾನ್ ಹಿಡಿತ ಸಾಧಿಸಿ, ತೀರ್ಪುಗಾರರ ಅಂಕಪಟ್ಟಿಯಲ್ಲಿ ಮುಂದಿದ್ದರು. ಐದನೆಯ ಸುತ್ತು ಮುಗಿಯಲು ಒಂದು ನಿಮಿಷವೂ ಉಳಿದಿಲ್ಲದ ಹೊತ್ತಿನಲ್ಲಿ ಎಡ್ವರ್ಡ್ಸ್ ಅವರ ಎಡಗಾಲಿನ ಒದೆತ ತಲೆಗೆ ಬಿದ್ದು ಉಸ್ಮಾನ್ ನಾಕೌಟ್ ಆದರು, ಪಟ್ಟ ಕೈಬದಲಾಯಿತು. ಉಸ್ಮಾನ್ ಗೆಲ್ಲುವ ಸಾಧ್ಯತೆ ಶೇ 70 ಎಂದು ಒಬ್ಬರು ಮೊದಲೇ ಬರೆದಿದ್ದರು ಎಂದುಕೊಳ್ಳೋಣ. ಆ ಒಂದು ಒದೆತ ಒಂದು ಗೇಣು ಆಚೀಚೆ ಹೋಗಿದ್ದರೆ ಅವರನ್ನು ಬಲ್ಲವರೆಂದು ಹೊಗಳುತ್ತಿದ್ದೆವು; ಅದು ತಾಕಿತೆಂಬ ಕಾರಣಕ್ಕೆ ಅವರಿಗೆ ಆಟವೇ ತಿಳಿಯದೆಂದು ತೀರ್ಮಾನಿಸುವುದು ನ್ಯಾಯವಲ್ಲ. ಹತ್ತರಲ್ಲಿ ಮೂರು ಸಲ ಎಡ್ವರ್ಡ್ಸ್ ಗೆಲ್ಲಬಹುದು ಎಂಬ ಮಾತು ಆ ಮುನ್ನೋಟದೊಳಗೇ ಇತ್ತು.

ಹಾಗಾದರೆ ಶೇಕಡಾ ಲೆಕ್ಕ ಬರೆದವರು ಎಂದೂ ತಪ್ಪುವುದೇ ಇಲ್ಲವೇ ಎಂದು ನೀವು ಕೇಳಬಹುದು. ಖಂಡಿತ ತಪ್ಪುತ್ತಾರೆ, ಆದರೆ ಆ ತಪ್ಪು ಒಂದು ರಾತ್ರಿಯಲ್ಲಿ ಕಾಣುವುದಿಲ್ಲ, ಲೆಕ್ಕವನ್ನು ಕೂಡಿಡುತ್ತ ಹೋದಾಗ ಕಾಣುತ್ತದೆ. ಒಬ್ಬ ಬರಹಗಾರರು ಶೇ 70 ಎಂದು ಗುರುತಿಸಿದ ಕಾದಾಟಗಳನ್ನೆಲ್ಲ ಒಟ್ಟುಗೂಡಿಸಿದರೆ ಸುಮಾರು ನೂರಕ್ಕೆ ಎಪ್ಪತ್ತರಲ್ಲಿ ಅವರು ಹೆಸರಿಸಿದವರು ಗೆದ್ದಿರಬೇಕು. ಐವತ್ತರಲ್ಲಿ ಮಾತ್ರ ಗೆದ್ದಿದ್ದರೆ ಆ ಬರಹಗಾರರದು ಅತಿಯಾದ ವಿಶ್ವಾಸ. ತೊಂಬತ್ತರಲ್ಲಿ ಗೆದ್ದಿದ್ದರೆ ತಮಗೆ ತಿಳಿದಷ್ಟನ್ನು ಹೇಳಲು ಅವರು ಹಿಂಜರಿದಿದ್ದಾರೆ. ಹವಾಮಾನ ಮುನ್ಸೂಚನೆಗಳನ್ನು ಅಳೆಯಲು ಗ್ಲೆನ್ ಬ್ರಯರ್ 1950ರಲ್ಲಿ ಸೂಚಿಸಿದ ವಿಧಾನ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಗೆದ್ದರೆ 1, ಸೋತರೆ 0 ಎಂದಿಟ್ಟುಕೊಂಡು, ಮುನ್ನೋಟಕ್ಕೂ ಫಲಿತಾಂಶಕ್ಕೂ ಇರುವ ಅಂತರದ ವರ್ಗವನ್ನು ದಂಡವಾಗಿ ಎಣಿಸಬೇಕು. ಶೇ 60 ಸಾಧ್ಯತೆ ಕೊಟ್ಟ ಸ್ಪರ್ಧಿ ಸೋತರೆ ಬರಹಗಾರರಿಗೆ ದಂಡ 0.36, ಶೇ 90 ಕೊಟ್ಟ ಸ್ಪರ್ಧಿ ಸೋತರೆ 0.81. ಎಲ್ಲಕ್ಕೂ ಅರ್ಧಕ್ಕರ್ಧ ಎಂದು ಬರೆದು ಜಾರಿಕೊಳ್ಳುವವರಿಗೆ ಪ್ರತಿ ಕಾದಾಟಕ್ಕೂ 0.25 ತಪ್ಪದೆ ಬೀಳುತ್ತದೆ. ಜಾರಿಕೊಳ್ಳಲು ದಾರಿ ಸಿಗುವುದು ‘ಇವರೇ ಗೆಲ್ಲುತ್ತಾರೆ, ಆದರೆ ಅಖಾಡದಲ್ಲಿ ಏನೂ ಆಗಬಹುದು’ ಎಂದು ಬರೆಯುವವರಿಗೆ. ಸಂಖ್ಯೆ ಬರೆದವರಿಗೆ ಆ ದಾರಿ ಮುಚ್ಚಿರುತ್ತದೆ.

ಈ ಕ್ರೀಡೆಯ ಸ್ವಭಾವವೂ ಇಂಥ ಎಚ್ಚರವನ್ನು ಬೇಡುತ್ತದೆ. ಕೈಗೆ ತೊಡುವುದು ಸಾಮಾನ್ಯವಾಗಿ 4 ಔನ್ಸ್‌ನ ತೆಳು ಕೈಗವಸು. ಐದು ನಿಮಿಷದ ಮೂರು ಸುತ್ತು, ಪಟ್ಟದ ಕಾದಾಟವಾದರೆ ಐದು ಸುತ್ತು. ಅಷ್ಟರೊಳಗೆ ಹೊಡೆತದಿಂದಲೋ ಕುತ್ತಿಗೆಯ ಪಟ್ಟಿನಿಂದಲೋ ತೀರ್ಪುಗಾರರ ಅಂಕಗಳಿಂದಲೋ ಆಟ ಮುಗಿಯಬಹುದು. ಮೊದಲ ಎಡವಟ್ಟನ್ನು ಸರಿಪಡಿಸಿಕೊಳ್ಳಲು ಕಾಲಾವಕಾಶವೇ ಇಲ್ಲದಿರಬಹುದು. 2007ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಮ್ಯಾಟ್ ಸೆರಾ ಅವರು ಚಾಂಪಿಯನ್ ಜಾರ್ಜ್ ಸೇಂಟ್-ಪಿಯೆರ್ ಅವರನ್ನು ಮೊದಲ ಸುತ್ತಿನಲ್ಲೇ ಹೊಡೆತಗಳಿಂದ ಮಣಿಸಿದರು. ಒಂದು ವರ್ಷದ ನಂತರ ಮಾಂಟ್ರಿಯಲ್‌ನಲ್ಲಿ ಸೇಂಟ್-ಪಿಯೆರ್ ಎರಡನೆಯ ಸುತ್ತಿನಲ್ಲಿ ಗೆದ್ದು ಪಟ್ಟವನ್ನು ಮರಳಿ ಪಡೆದರು. ಇಬ್ಬರಲ್ಲಿ ಯಾರು ಉತ್ತಮರು ಎಂಬುದೂ ಒಂದು ನಿರ್ದಿಷ್ಟ ರಾತ್ರಿ ಯಾರು ಗೆಲ್ಲುತ್ತಾರೆ ಎಂಬುದೂ ಬೇರೆ ಬೇರೆ ಪ್ರಶ್ನೆಗಳು, ಮುನ್ನೋಟಕ್ಕೆ ಉತ್ತರಿಸಬೇಕಾದುದು ಎರಡನೆಯದು. ಐದು ಕಾದಾಟಗಳಲ್ಲಿ ಪ್ರತಿಯೊಂದರಲ್ಲೂ ನಮ್ಮವರು ಹೆಸರಿಸಿದವರಿಗೆ ನಿಜಕ್ಕೂ ಶೇ 70 ಸಾಧ್ಯತೆ ಇದ್ದರೂ ಐದೂ ಸರಿಯಾಗುವ ಸಾಧ್ಯತೆ ಶೇ 17ರಷ್ಟು ಮಾತ್ರ. ‘ಒಂದು ರಾತ್ರಿಯಾದರೂ ಎಲ್ಲವೂ ಸರಿಯಾಗಬಾರದೇ’ ಎಂಬ ನಿಮ್ಮ ಪ್ರಶ್ನೆಗೆ ಈ ಗುಣಾಕಾರವೇ ಉತ್ತರ.

ಆದರೆ ಎಲ್ಲ ಅಚ್ಚರಿಗಳೂ ಒಂದೇ ಜಾತಿಯವಲ್ಲ, ಮತ್ತು ಅಂಕಣದ ನಿಜವಾದ ಕೆಲಸ ಇರುವುದು ಇಲ್ಲಿಯೇ ಎಂದು ನನ್ನ ನಂಬಿಕೆ. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಹಾಲಿ ಹೋಮ್ ಅವರು ಚಾಂಪಿಯನ್ ರೋಂಡಾ ರೌಸಿ ಅವರನ್ನು ಎರಡನೆಯ ಸುತ್ತಿನಲ್ಲಿ ತಲೆಗೆ ಒದ್ದು ಸೋಲಿಸಿದಾಗ ಲೋಕವೆಲ್ಲ ಬೆರಗಾಯಿತು. ಆದರೆ ಹೋಮ್ ವೃತ್ತಿಪರ ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು, ಎಡಗೈ ಆಟಗಾರ್ತಿ, ಅಂತರ ಕಾಯ್ದುಕೊಂಡು ಕಾಲಿನ ಚಲನೆಯಿಂದಲೇ ಎದುರಾಳಿಯನ್ನು ದಣಿಸಬಲ್ಲವರು. ರೌಸಿ 2008ರ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದವರಾಗಿದ್ದು, ನೇರವಾಗಿ ಮುನ್ನುಗ್ಗಿ ಹಿಡಿತಕ್ಕೆ ತೆಗೆದುಕೊಳ್ಳುವುದೇ ಅವರ ಕ್ರಮವಾಗಿತ್ತು. ಇದೇ ರೀತಿ ಅದೇ ವರ್ಷದ ಜೂನ್‌ನಲ್ಲಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಮೆಕ್ಸಿಕೋ ಸಿಟಿಯಲ್ಲಿ ಫ್ಯಾಬ್ರಿಸಿಯೊ ವೆರ್ಡಮ್ ಅವರು ಕೇನ್ ವೆಲಾಸ್ಕೆಜ್ ಅವರ ದಣಿವನ್ನು ಬಳಸಿಕೊಂಡು ಮೂರನೆಯ ಸುತ್ತಿನಲ್ಲಿ ಕುತ್ತಿಗೆಯ ಪಟ್ಟು ಹಾಕಿ ಗೆದ್ದರು. ಎತ್ತರದ ಗಾಳಿಗೆ ಮೈ ಒಗ್ಗಿಸಿಕೊಳ್ಳಲು ವೆರ್ಡಮ್ ಎದುರಾಳಿಗಿಂತ ಬಹಳ ಮೊದಲೇ ಹೋಗಿ ತರಬೇತಿ ನಡೆಸಿದ್ದರು. ಹೋಮ್ ಅಥವಾ ವೆರ್ಡಮ್ ಗೆದ್ದೇ ಗೆಲ್ಲುತ್ತಾರೆಂದು ಮೊದಲೇ ಹೇಳುವಂತಿರಲಿಲ್ಲ. ಆದರೆ ಅವರ ಪಾಲಿಗೆ ಶೇ 10ರ ಬದಲು ಶೇ 25 ಬರೆಯಲು ಬೇಕಾದ ಆಧಾರ ಎಲ್ಲರ ಕಣ್ಣೆದುರಿಗೇ ಇತ್ತು. ಆ ಹದಿನೈದು ಅಂಶಗಳ ವ್ಯತ್ಯಾಸವನ್ನು ಹೇಳಲು ಶೇಕಡಾ ಲೆಕ್ಕವಲ್ಲದೆ ಬೇರೆ ಭಾಷೆ ನಮ್ಮ ಬಳಿ ಇಲ್ಲ.

ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. 2022ರ ಜುಲೈನಲ್ಲಿ ಅಲೆಕ್ಸ್ ಪೆರೇರಾ ಅವರು ಶಾನ್ ಸ್ಟ್ರಿಕ್ಲ್ಯಾಂಡ್ ಅವರನ್ನು ಮೊದಲ ಸುತ್ತಿನಲ್ಲೇ ನಾಕೌಟ್ ಮಾಡಿದರು. 2023ರ ಏಪ್ರಿಲ್‌ನಲ್ಲಿ ಇಸ್ರೇಲ್ ಅಡೆಸಾನ್ಯಾ ಅವರು ಪೆರೇರಾ ಅವರನ್ನು ನಾಕೌಟ್ ಮಾಡಿದರು. ನಿಮ್ಮ ತರ್ಕದಂತೆ ಅಡೆಸಾನ್ಯಾ ಸ್ಟ್ರಿಕ್ಲ್ಯಾಂಡ್ ಅವರನ್ನು ಸುಲಭವಾಗಿ ಸೋಲಿಸಬೇಕಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಿಡ್ನಿಯಲ್ಲಿ ಸ್ಟ್ರಿಕ್ಲ್ಯಾಂಡ್ ಮೂವರೂ ತೀರ್ಪುಗಾರರಿಂದ 49–46 ಅಂಕ ಪಡೆದು ಗೆದ್ದರು. ನೆಟ್ಟಗೆ ನಿಂತು ಒಂದೇ ಸಮನೆ ಮುಂದೊತ್ತುತ್ತ ಬರುವ ಸ್ಟ್ರಿಕ್ಲ್ಯಾಂಡ್ ಅವರ ಶೈಲಿಗೆ ಪೆರೇರಾ ಅವರ ಎಡಗೈ ಹುಕ್ (ಪಕ್ಕದಿಂದ ಬಳಸಿ ಬರುವ ಗುದ್ದು) ನೇರವಾಗಿ ಎದುರಾಯಿತು. ದೂರವನ್ನು ತಮ್ಮ ಇಷ್ಟದಂತೆ ಆಳಲು ಬಯಸುವ ಅಡೆಸಾನ್ಯಾ ಅವರಿಗೆ ಅದೇ ಒತ್ತಡ ದೂರವನ್ನೇ ಇಲ್ಲವಾಗಿಸಿತು. ಹೀಗೆ ಒಬ್ಬರ ಬಲ ಎದುರಾಳಿಯಿಂದ ಎದುರಾಳಿಗೆ ಬದಲಾಗುವುದರಿಂದ ಸರಪಳಿ ತರ್ಕ ಈ ಆಟದಲ್ಲಿ ನಿಲ್ಲುವುದಿಲ್ಲ. ಅಂಕಿಅಂಶಗಳನ್ನೂ ಇದೇ ಕಣ್ಣಿನಿಂದ ನೋಡಬೇಕು: ಟೇಕ್‌ಡೌನ್ (ನೆಲಕ್ಕೆ ಕೆಡವುವ ಪಟ್ಟು) ತಡೆಯುವಲ್ಲಿ ಒಬ್ಬರ ದಾಖಲೆ ಎಷ್ಟೇ ಎತ್ತರದಲ್ಲಿದ್ದರೂ ಅವರನ್ನು ಕೆಡವಲು ಇದುವರೆಗೆ ಯತ್ನಿಸಿದವರೆಲ್ಲ ಬಾಕ್ಸರುಗಳೇ ಆಗಿದ್ದರೆ, ಪಳಗಿದ ಕುಸ್ತಿಪಟುವಿನ ಎದುರು ಆ ದಾಖಲೆ ಹೆಚ್ಚೇನೂ ಹೇಳುವುದಿಲ್ಲ.

ಕೊನೆಯ ವಾರದವರೆಗೆ ಕಾಯುವುದು ಧೈರ್ಯದ ಪ್ರಶ್ನೆಯಲ್ಲ. 2016ರ ಮಾರ್ಚ್‌ನಲ್ಲಿ ಕಾನರ್ ಮೆಕ್‌ಗ್ರೆಗರ್ ಅವರು ಲೈಟ್‌ವೇಟ್ ಪಟ್ಟಕ್ಕಾಗಿ ರಫಾಯೆಲ್ ಡೊಸ್ ಆಂಜೋಸ್ ಅವರ ವಿರುದ್ಧ ಸೆಣಸಬೇಕಿತ್ತು. ಡೊಸ್ ಆಂಜೋಸ್ ಪಾದದ ಗಾಯದಿಂದ ಹಿಂದೆ ಸರಿದರು, ಕೇವಲ 11 ದಿನ ಇರುವಾಗ ನೇಟ್ ಡಯಾಜ್ ಬಂದರು, ತೂಕದ ಮಿತಿ 155 ಪೌಂಡ್‌ನಿಂದ 170ಕ್ಕೆ ಏರಿತು, ಎರಡನೆಯ ಸುತ್ತಿನಲ್ಲಿ ಡಯಾಜ್ ಕುತ್ತಿಗೆಯ ಪಟ್ಟಿನಿಂದ ಗೆದ್ದರು. ಅದಕ್ಕೂ ಮೊದಲು ಬರೆದಿಟ್ಟ ಮುನ್ನೋಟಗಳಲ್ಲಿ ಎದುರಾಳಿಯೂ ತೂಕವೂ ಬೇರೆಯಾಗಿದ್ದವು. ಎಲ್ಲವೂ ಅಂದುಕೊಂಡಂತೆ ನಡೆದರೂ ಕಾದಾಟದ ಹಿಂದಿನ ದಿನದ ತೂಕ ಪರೀಕ್ಷೆ ಬಹಳಷ್ಟನ್ನು ತಿಳಿಸುತ್ತದೆ. ಮೈಯ ನೀರನ್ನು ಬಸಿದು ತೂಕ ಇಳಿಸಿದವರು ತಕ್ಕಡಿಯ ಮೇಲೆ ನಿಲ್ಲಲೂ ಕಷ್ಟಪಡುತ್ತಿದ್ದರೆ ಅವರ ಮೂರನೆಯ ಸುತ್ತಿನ ಬಗ್ಗೆ ನಮ್ಮ ಅಂದಾಜು ಬದಲಾಗಲೇಬೇಕು. ಆದರೂ ನಿಮ್ಮ ಮಾತಿನಲ್ಲಿ ಒಪ್ಪತಕ್ಕ ಅಂಶವಿದೆ. ಶೈಲಿಗಳ ಹೋಲಿಕೆ ಮಾಡಲು ತೂಕ ಪರೀಕ್ಷೆಯವರೆಗೆ ಕಾಯಬೇಕಿಲ್ಲವಾದ್ದರಿಂದ ಮುಂದಿನ ಸಂಚಿಕೆಯಿಂದ ಕಾದಾಟ ಘೋಷಣೆಯಾದಾಗಲೇ ಒಂದು ಟಿಪ್ಪಣಿಯನ್ನೂ, ಸಂಖ್ಯೆಗಳನ್ನು ಕೊನೆಯ ವಾರದಲ್ಲೂ ಕೊಡುತ್ತೇವೆ.

ಬಾಜಿ ದರಗಳನ್ನು ಅಚ್ಚು ಹಾಕುವ ಸಲಹೆಯನ್ನು ಮಾತ್ರ ಒಪ್ಪಲಾರೆ. ಒಬ್ಬರಿಗೆ 1.40, ಇನ್ನೊಬ್ಬರಿಗೆ 3.00 ಎಂಬ ದರವಿದ್ದರೆ (ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಒಟ್ಟು ಅಷ್ಟು ರೂಪಾಯಿ ಮರಳುತ್ತದೆ), 1ನ್ನು ಆ ದರಗಳಿಂದ ಭಾಗಿಸಿದಾಗ ಅವು ಸೂಚಿಸುವ ಸಾಧ್ಯತೆಗಳು ಸುಮಾರು ಶೇ 71.4 ಮತ್ತು ಶೇ 33.3, ಕೂಡಿದರೆ 104.7. ನೂರನ್ನು ಮೀರಿದ ಆ ಭಾಗ ಬಾಜಿ ಸಂಸ್ಥೆಯ ಲಾಭದ ಅಂಚು. ಅದನ್ನು ಕಳೆದರೆ ಉಳಿಯುವುದು ಬಹಳ ಜನರ ತಿಳಿವಳಿಕೆಯ ಸಾರ ಎಂಬುದು ನಿಜ, ಮತ್ತು ನಮ್ಮ ಬರಹಗಾರರು ತಮ್ಮ ಸಂಖ್ಯೆಯನ್ನು ಅದರೊಡನೆ ಹೋಲಿಸಿ ನೋಡುತ್ತಾರೆ. ಆದರೆ ದರ ತನ್ನ ಕಾರಣವನ್ನು ಹೇಳುವುದಿಲ್ಲ, ಓದುಗರಿಗೆ ಬೇಕಾದುದು ಕಾರಣ. ಇದಲ್ಲದೆ, ಯಾರ ಗಾಯ ಗುಟ್ಟಾಗಿದೆ ಎಂಬುದನ್ನು ಬಲ್ಲ ಒಳಗಿನವರ ಹಣವೂ ದರವನ್ನು ಅಲುಗಾಡಿಸಬಲ್ಲದು. ಯುಎಫ್‌ಸಿ ತನ್ನ ಕಾದಾಟಗಳ ಮೇಲೆ ತನ್ನ ಫೈಟರುಗಳೇ ಬಾಜಿ ಕಟ್ಟುವುದನ್ನು 2022ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ಹಣ ಹೂಡಲು ದಾರಿ ತೋರಿಸುವುದು ಈ ಅಂಕಣದ ಉದ್ದೇಶವಲ್ಲ.

ನಮ್ಮ ಬರಹಗಾರರ ಲೆಕ್ಕವನ್ನು ಓದುಗರೇ ಪರೀಕ್ಷಿಸಲೆಂದು ಪ್ರತಿಯೊಬ್ಬರ ಮುನ್ನೋಟಗಳನ್ನೂ ಬ್ರಯರ್ ವಿಧಾನದ ದಂಡದ ಸರಾಸರಿಯೊಂದಿಗೆ ವರ್ಷದ ಕೊನೆಯ ಸಂಚಿಕೆಯಲ್ಲಿ ಪ್ರಕಟಿಸಲಿದ್ದೇವೆ. ಎದುರಾಳಿ ಬದಲಾದ, ರದ್ದಾದ, ಸಮವಾದ ಅಥವಾ ಫಲಿತಾಂಶ ಅಸಿಂಧುವಾದ ಕಾದಾಟಗಳನ್ನು ಎಣಿಕೆಯಿಂದ ಬಿಡುತ್ತೇವೆ. ಪ್ರಕಟವಾದ ಸಂಖ್ಯೆಯನ್ನು ಯಾವ ಕಾರಣಕ್ಕೂ ತಿದ್ದುವುದಿಲ್ಲ. ನೀವೂ ಮುಂದಿನ ಪಟ್ಟದ ಕಾದಾಟಕ್ಕೆ ನಿಮ್ಮ ಸಂಖ್ಯೆಯನ್ನು, ಅದಕ್ಕೆ ಕಾರಣವನ್ನು ತೂಕ ಪರೀಕ್ಷೆಗೆ ಮೊದಲು ಬರೆದು ಕಳುಹಿಸಿದರೆ ಅದನ್ನೂ ಅದೇ ಪಟ್ಟಿಯಲ್ಲಿ ಸೇರಿಸುತ್ತೇವೆ.

– ಸಂಪಾದಕ