ಹಳೆ ಕಂಪ್ಯೂಟರ್ ರಿಪೇರಿ: ನೀವು ಕೇಳಿದಿರಿ, ನಾವು ಹೇಳಿದೆವು

ಪ್ರಶ್ನೆ: ಅಟ್ಟದ ಮ್ಯಾಲ ಸಿಂಕ್ಲೇರ್ ಸ್ಪೆಕ್ಟ್ರಮ್ 48ಕೆ ಅನ್ನೋ ಹಳೆ ಕಂಪ್ಯೂಟರ್ ಸಿಕ್ಕೈತಿ, ಅಡಾಪ್ಟರ್ ಇಲ್ಲ. ಖಡೇಬಜಾರಿನಾಗ 9 ವೋಲ್ಟಿನ ಅಡಾಪ್ಟರ್ ತಂದೆ, ಪಿನ್ನು ಬರೋಬ್ಬರಿ ಕೂತತು. ಆದ್ರ ಟಿವಿ ಮ್ಯಾಲ ಏನೂ ಬರವಲ್ದು. ಸತ್ತೈತೇನ್ರಿ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಮೊದಲು ಆ ಅಡಾಪ್ಟರ್ ಕಿತ್ತಿಡಿ. ಪಿನ್ ಬರೋಬ್ಬರಿ ಕೂತದ್ದೇ ಇಲ್ಲಿ ಮೋಸ. ಸ್ಪೆಕ್ಟ್ರಮ್‌ಗೆ 9 ವೋಲ್ಟ್ ಡಿಸಿ, 1.4 ಆಂಪ್ ಬೇಕು. ಜೊತೆಗೆ ಪಿನ್ನಿನ ಒಳತೂತು ಮೈನಸ್, ಹೊರಮೈ ಪ್ಲಸ್ ಇರಬೇಕು. ಬಜಾರಿನಲ್ಲಿ ಸಿಗುವ ರೌಟರ್ ಅಡಾಪ್ಟರ್‌ಗಳು ಬಹುತೇಕ ಇದಕ್ಕೆ ಉಲ್ಟಾ. ಪಿನ್ನಿನ ಅಳತೆ ಮಾತ್ರ ಎರಡರದೂ ಒಂದೇ: ಹೊರಗೆ 5.5, ಒಳಗೆ 2.1 ಮಿಲಿಮೀಟರ್.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಕಡ್ಡಿ ಒಳತೂತಿಗೆ, ಕಪ್ಪು ಹೊರಮೈಗೆ ಹಚ್ಚಿ. ಅಂಕಿಯ ಮುಂದೆ ಮೈನಸ್ ಬಂದರೆ ಅಡಾಪ್ಟರ್ ಸರಿ. ಹಳೆ ಕಾಲದ ಭಾರದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಲೋಡ್ ಇಲ್ಲದಾಗ 12–13 ತೋರಿಸುತ್ತದೆ, ಗಾಬರಿ ಬೇಡ. ಮೈನಸ್ ಬಾರದಿದ್ದರೆ ವೈರನ್ನು ನಡುವೆ ಕತ್ತರಿಸಿ, ಎರಡು ತಂತಿ ಅದಲುಬದಲು ಮಾಡಿ ಬೆಸೆದು, ಹೀಟ್‌ಶ್ರಿಂಕ್ (ಬಿಸಿಗೆ ಬಿಗಿಯಾಗುವ ಕೊಳವೆ) ತೊಡಿಸಿ ಮತ್ತೊಮ್ಮೆ ಅಳೆಯಿರಿ. ‘ಸ್ಪೆಕ್ಟ್ರಮ್‌ಗೆ ಮಾತ್ರ’ ಎಂದು ಚೀಟಿಯನ್ನೂ ಅಂಟಿಸಿ, ಇಲ್ಲವಾದರೆ ನಾಳೆ ಮನೆಯಲ್ಲೇ ಯಾರಾದರೂ ಅದನ್ನು ರೌಟರಿಗೆ ಚುಚ್ಚುತ್ತಾರೆ. ಕತ್ತರಿ ಹಚ್ಚುವ ಮನಸ್ಸಿಲ್ಲದಿದ್ದರೆ ವಾದ್ಯದ ಅಂಗಡಿಗೆ ಹೋಗಿ. ಗಿಟಾರ್ ಪೆಡಲಿನ 9 ವೋಲ್ಟ್ ಅಡಾಪ್ಟರ್ ಸಾಮಾನ್ಯವಾಗಿ ಒಳಗೆ ಮೈನಸ್ಸೇ. ಆದರೆ ಅದರ ಮೇಲೆ ಬರೆದ ಆಂಪ್ ಓದಿಯೇ ಕೊಳ್ಳಿ. ಅವುಗಳಲ್ಲಿ ಹಲವು ಅರ್ಧ ಆಂಪನ್ನೂ ಕೊಡವು, ನಿಮಗೆ 1.4 ಬೇಕು.

ಈಗಾಗಲೇ ಉಲ್ಟಾ ಹೋಗಿದ್ದರೆ ಹೆಚ್ಚಾಗಿ ಬಲಿಯಾಗುವುದು ಬೋರ್ಡಿನ ಟಿಆರ್4 ಟ್ರಾನ್ಸಿಸ್ಟರ್ (ಝಡ್‌ಟಿಎಕ್ಸ್650). ಒಳಗಿನ 4116 ಮೆಮೊರಿ ಚಿಪ್‌ಗಳಿಗೆ ಬೇಕಾದ ವೋಲ್ಟೇಜುಗಳಿಗೆ ಆಧಾರ ಅದೇ. ಸರಿಯಾದ ಅಡಾಪ್ಟರ್ ಹಾಕಿ, ಒಂದು 4116ರ ಮೇಲೆ 16ನೇ ಕಾಲನ್ನು ಗ್ರೌಂಡ್ ಎಂದಿಟ್ಟುಕೊಂಡು ಅಳೆಯಿರಿ: 1ನೇ ಕಾಲಿನಲ್ಲಿ ಮೈನಸ್ 5, 8ರಲ್ಲಿ 12, 9ರಲ್ಲಿ 5. ಮೈನಸ್ 5 ಇಲ್ಲದಿದ್ದರೆ ತಕ್ಷಣ ಆಫ್ ಮಾಡಿ. ಅದಿಲ್ಲದೆ ಉಳಿದೆರಡು ಬಂದರೆ ಮೆಮೊರಿ ಚಿಪ್ಪೇ ಸುಡುತ್ತದೆ. ಆಗ ಟಿಆರ್4 ಬದಲಿಸಿ, ಪಕ್ಕದ ಟಿಆರ್5 ಅನ್ನೂ ನೋಡಿ.

ಮೂರೂ ಸರಿಯಿದ್ದರೆ ನಿಮ್ಮ ಕಂಪ್ಯೂಟರ್ ಬದುಕಿರಬಹುದು, ಟಿವಿಯದೇ ತಕರಾರು. ಆಂಟೆನಾ ತೂತಿಗೆ ಜೋಡಿಸಿ, ಡಿಜಿಟಲ್ ಅಲ್ಲ, ಅನಲಾಗ್ ಸರ್ಚ್ ಹಾಕಿ ಯುಎಚ್‌ಎಫ್ 36ನೇ ಚಾನೆಲ್ ಹುಡುಕಿ.

ಪ್ರಶ್ನೆ: ಕಬ್ಬಿನ ವೇಬ್ರಿಜ್ ಕಾಟಾಕ್ಕ ಡಾಸ್ ನಡಿಯೋ ಹಳೆ 486 ಕಂಪ್ಯೂಟರ್ ಐತಿ. ಕರೆಂಟ್ ಹೋಗಿ ಬಂದ್ರ ತಾರೀಖು 1-1-1980 ಆಗ್ತೈತಿ, ಹಾರ್ಡ್‌ಡಿಸ್ಕೂ ಇಲ್ಲ ಅಂತೈತಿ.
— ಓದುಗರು, ಮುಧೋಳ, ಬಾಗಲಕೋಟೆ ಜಿಲ್ಲೆ

ಉತ್ತರ: ಹಾರ್ಡ್‌ಡಿಸ್ಕ್ ಎಲ್ಲೂ ಹೋಗಿಲ್ಲ, ಬ್ಯಾಟರಿ ಸತ್ತು ಬೋರ್ಡಿನ ನೆನಪು ಹೋಗಿದೆ. ಕೀಬೋರ್ಡ್ ಸಾಕೆಟ್ಟಿನ ಹತ್ತಿರ ಪೀಪಾಯಿಯಂಥ ನೀಲಿ ಅಥವಾ ಹಸಿರು ಬ್ಯಾಟರಿ ಕಂಡರೆ ಅದು 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಮ್. ಸೋರಿರಲಿ, ಬಿಡಲಿ, ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ತಾಮ್ರದ ಗೆರೆಗಳನ್ನು ತಿನ್ನುತ್ತ ಹೋಗುತ್ತದೆ. ಹಸಿರುಗಟ್ಟಿದ ಕಡೆ ಕಿವಿ ಕಡ್ಡಿಯಿಂದ ಬಿಳಿ ವಿನೆಗರ್ ಹಚ್ಚಿ, ನೊರೆ ನಿಂತ ಮೇಲೆ ಡಿಸ್ಟಿಲ್ಡ್ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಒಂದು ದಿನ ಒಣಗಲು ಬಿಡಿ.

ಆ ಜಾಗಕ್ಕೆ ಸೀದಾ ಸಿಆರ್2032 ಗುಂಡಿ ಬ್ಯಾಟರಿ ಬೆಸೆಯಬೇಡಿ. ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಲಿಥಿಯಮ್ ಸೆಲ್ ಒಡೆಯಬಹುದು. ಹಲವು ಬೋರ್ಡ್‌ಗಳಲ್ಲಿ ಹೊರ ಬ್ಯಾಟರಿಗೆಂದೇ ನಾಲ್ಕು ಪಿನ್ನಿನ ಸಾಲು ಇರುತ್ತದೆ, ಅಲ್ಲಿಗೆ ಮೂರು ಎಎ ಸೆಲ್ಲಿನ ಡಬ್ಬಿ (4.5 ವೋಲ್ಟ್) ಕೊಟ್ಟು, ಜಂಪರನ್ನು ಹೊರ ಬ್ಯಾಟರಿಗೆ ಬದಲಿಸಿ. ಡಬ್ಬಿಯನ್ನು ಬೋರ್ಡಿನಿಂದ ದೂರ ಕ್ಯಾಬಿನೆಟ್ಟಿನ ಗೋಡೆಗೆ ಅಂಟಿಸಿ, ಅದೂ ಒಂದು ದಿನ ಸೋರುವುದೇ.

ಬಳಿಕ ಬಯಾಸ್ (ಕಂಪ್ಯೂಟರನ್ನು ಶುರುಮಾಡುವ, ಬೋರ್ಡಿನೊಳಗಿನ ಪ್ರೋಗ್ರಾಮ್) ಸೆಟಪ್‌ಗೆ ಹೋಗಿ ಡಿಸ್ಕಿನ ಮೇಲೆ ಬರೆದ ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿಗಳನ್ನು ಟೈಪ್ 47ರಲ್ಲಿ (ಅಂಕಿ ನಾವೇ ತುಂಬುವ ಆಯ್ಕೆ) ತುಂಬಿ. ಅವೇ ಅಂಕಿಗಳ ಚೀಟಿ ಕ್ಯಾಬಿನೆಟ್ ಒಳಗೂ ಇರಲಿ. ಹಂಗಾಮು ಶುರುವಾಗುವ ಮೊದಲು ಆ ಡಿಸ್ಕಿನ ನಕಲನ್ನು ಐಡಿಇ–ಕಾಂಪ್ಯಾಕ್ಟ್ ಫ್ಲಾಶ್ ಅಡಾಪ್ಟರಿನ (ಹಾರ್ಡ್‌ಡಿಸ್ಕ್ ಕೇಬಲ್ಲಿಗೆ ಮೆಮೊರಿ ಕಾರ್ಡ್ ಜೋಡಿಸುವಂಥದು) ಕಾರ್ಡಿಗೆ ಮಾಡಿಟ್ಟರೆ ನಿಶ್ಚಿಂತೆ. ಕಾರ್ಡ್ ದೊಡ್ಡದು ಬೇಡ: ಆ ಕಾಲದ ಹಲವು ಬಯಾಸ್‌ಗಳಿಗೆ 504 ಎಂಬಿ ಆಚೆ ಕಾಣುವುದಿಲ್ಲ.

ಪ್ರಶ್ನೆ: ಹಳೆ ಡಿಟಿಪಿ ಸಾಫ್ಟ್‌ವೇರಿನ ಲಾಕ್ (ಇದಿಲ್ದ ಸಾಫ್ಟ್‌ವೇರ್ ನಡಿಯೂದಿಲ್ಲ) ಪ್ರಿಂಟರ್ ಪೋರ್ಟಿಗೆ ಹಾಕೋದು. ಹೊಸ ಕಂಪ್ಯೂಟರಿಗೆ ಯುಎಸ್‌ಬಿ–ಪ್ಯಾರಲಲ್ ಕೇಬಲ್ ಹಚ್ಚಿದ್ರ ಲಾಕ್ ಸಿಗವಲ್ದು.
— ಓದುಗರು, ಇಳಕಲ್

ಉತ್ತರ: ಸಿಗುವುದೂ ಇಲ್ಲ. ಆ ಕೇಬಲ್‌ಗೆ ಪ್ರಿಂಟರ್ ಬಿಟ್ಟು ಬೇರೆ ಗೊತ್ತಿಲ್ಲ; ಹಳೆ ಸಾಫ್ಟ್‌ವೇರ್ ಲಾಕನ್ನು ಹುಡುಕುವುದು ನೇರವಾಗಿ 378 ಎಂಬ ಪೋರ್ಟ್ ವಿಳಾಸದಲ್ಲಿ. ಬೋರ್ಡಿನಲ್ಲೇ 25 ತೂತಿನ ಪೋರ್ಟ್ ಇರುವ ಸೆಕೆಂಡ್‌ಹ್ಯಾಂಡ್ ಮಷಿನ್ ತನ್ನಿ. ಬಯಾಸ್‌ನಲ್ಲಿ ವಿಳಾಸ 378, ಐಆರ್‌ಕ್ಯೂ 7 ಇಡಿ. ಪೋರ್ಟಿನ ಇಸಿಪಿ ಮೋಡಿನಲ್ಲಿ ಲಾಕ್ ಕಾಣದಿದ್ದರೆ ಸಾದಾ ಎಸ್‌ಪಿಪಿ ಮೋಡಿಗೆ ಬದಲಿಸಿ ನೋಡಿ.

ಪ್ರಶ್ನೆ: ಹಳೆ ಪಿಸಿ-ಎಕ್ಸ್‌ಟಿ ಕಂಪ್ಯೂಟರಿನ ಡಿಸ್‌ಪ್ಲೇ ಪೋರ್ಟಿಗೆ 9 ತೂತು ಅವ, ಮಾನಿಟರಿಗೆ 15 ಪಿನ್ನು. ನಡುವ ಹಾಕೋ ಅಡಾಪ್ಟರ್ ತಂದೀನಿ, ಚಿತ್ರ ಬರವಲ್ದು.
— ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: 9 ತೂತಿನ ಸಿಜಿಎ (ಹಳೆ ಬಣ್ಣದ ಡಿಸ್‌ಪ್ಲೇ) ಕಾರ್ಡ್ ಕೊಡುವುದು 15.7 ಕಿಲೋಹರ್ಟ್ಸಿನ ಡಿಜಿಟಲ್ ಸಿಗ್ನಲ್. ನಿಮ್ಮ 15 ಪಿನ್ನಿನ ವಿಜಿಎ ಮಾನಿಟರಿಗೆ ಬೇಕಾದದ್ದು 31.5 ಕಿಲೋಹರ್ಟ್ಸಿನ ಅನಲಾಗ್. ತಂತಿಗೆ ತಂತಿ ಸೇರಿಸುವ ಅಡಾಪ್ಟರ್ ಇದನ್ನು ಬದಲಿಸಲಾರದು. ಅಗ್ಗದ ದಾರಿ ಎಂದರೆ 8 ಬಿಟ್ ಸ್ಲಾಟಿನಲ್ಲಿ ನಡೆಯುವ ಹಳೆ ಐಎಸ್‌ಎ ವಿಜಿಎ ಕಾರ್ಡ್ ಹುಡುಕುವುದು. ಹಾಕಿದ ಮೇಲೆ ಐಬಿಎಂ ಎಕ್ಸ್‌ಟಿ ಬೋರ್ಡಾದರೆ ಅದರ ಸ್ವಿಚ್ ಗೊಂಚಲಿನಲ್ಲಿ 5 ಮತ್ತು 6 ಎರಡನ್ನೂ ಆನ್ ಮಾಡಿ, ಇಲ್ಲದಿದ್ದರೆ ಬೋರ್ಡ್ ಇನ್ನೂ ಸಿಜಿಎಯನ್ನೇ ಹುಡುಕುತ್ತಿರುತ್ತದೆ.